ಮನೆಯ ಕಂಪ್ಯೂಟರಿನ ತಂತಿ ಅಂತರ್ಜಾಲ: ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳಲ್ಲಿ ದೋಷ ಹುಡುಕುವ ಕ್ರಮ

ಮನೆಯ ಕಂಪ್ಯೂಟರಿಗೆ ತಂತಿಯಲ್ಲಿ ಬರುವ ಅಂತರ್ಜಾಲ ನಿಂತಾಗ ಅಥವಾ ಕುಂಟಿದಾಗ ದೋಷ ಎಲ್ಲಿದೆ ಎಂದು ಹುಡುಕಲು ಗೊತ್ತಾದ ಒಂದು ಕ್ರಮವಿದೆ. ಕಲಬುರಗಿ ಜಿಲ್ಲೆಯ ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳ ನೆಲ, ಹವೆ, ವಿದ್ಯುತ್ತು ಮತ್ತು ಜಾಲದ ಸ್ಥಿತಿಯನ್ನು ಮುಂದಿಟ್ಟುಕೊಂಡು ಆ ಕ್ರಮವನ್ನು ಇಲ್ಲಿ ವಿವರಿಸಲಾಗಿದೆ. ತಂತಿ ಸಂಪರ್ಕ ಎಂದರೆ ಮನೆಯವರೆಗೆ ಬರುವ ಫೈಬರ್ ಅಥವಾ ಹಳೆಯ ತಾಮ್ರದ ಟೆಲಿಫೋನ್ ಲೈನು, ಮನೆಯೊಳಗಿನ ಪೆಟ್ಟಿಗೆ, ಅಲ್ಲಿಂದ ಕಂಪ್ಯೂಟರಿಗೆ ಹೋಗುವ ಲ್ಯಾನ್ ಕೇಬಲ್ ಇವೆಲ್ಲ ಸೇರಿದ ಸಾಲು. ಸಾಲಿನ ಯಾವ ಕೊಂಡಿ ಕಳಚಿದರೂ ಪರದೆಯ ಮೇಲೆ ಕಾಣುವ ಫಲ ಒಂದೇ. ಹಾಗಾಗಿ ‘ನೆಟ್ ಹೋಗ್ಯಾದ’ ಎಂದಷ್ಟೇ ಹೇಳಿದರೆ ದುರಸ್ತಿಗೆ ಬರುವವರಿಗೆ ಏನೂ ತಿಳಿಯುವುದಿಲ್ಲ. ಕಳಚಿದ ಕೊಂಡಿ ಯಾವುದೆಂದು ಮನೆಯವರೇ ಹೇಳಬಲ್ಲರಾದರೆ ಅರ್ಧ ಕೆಲಸ ಮುಗಿದಂತೆ. ಇದಕ್ಕೆ ಕಂಪ್ಯೂಟರ್ ಪದವಿ ಬೇಕಿಲ್ಲ. ಹತ್ತಿರದಿಂದ ದೂರಕ್ಕೆ, ಒಂದೊಂದೇ ಹೆಜ್ಜೆ ಪರೀಕ್ಷಿಸುವ ತಾಳ್ಮೆ ಸಾಕು.

ಪ್ರದೇಶ

ಆಳಂದ ತಾಲ್ಲೂಕು ಕಲಬುರಗಿಯ ವಾಯವ್ಯಕ್ಕಿದ್ದು ಮಹಾರಾಷ್ಟ್ರದ ಗಡಿಗೆ ತಾಗಿದೆ. ಅಫಜಲಪುರವೂ ಗಡಿ ತಾಲ್ಲೂಕೇ. ಭೀಮಾ ನದಿ ಅದರ ಅಂಚಿನಲ್ಲಿ ಹರಿಯುತ್ತದೆ, ಭೀಮಾ ಮತ್ತು ಅಮರ್ಜಾ ನದಿಗಳ ಸಂಗಮದ ಬಳಿ ದೇವಲ ಗಾಣಗಾಪುರವಿದೆ. ಕಲಬುರಗಿಯಿಂದ ಜೇವರ್ಗಿಗೆ ಹೋಗಬೇಕಾದರೆ ಕಟ್ಟಿಸಂಗಾವಿಯಲ್ಲಿ ಭೀಮೆಯ ಸೇತುವೆ ದಾಟಬೇಕು. ಮೂರೂ ತಾಲ್ಲೂಕುಗಳ ಬಹುಭಾಗ ಎರೆ ನೆಲ. ತೊಗರಿ ಇಲ್ಲಿನ ಮುಖ್ಯ ಬೆಳೆ; ಕಲಬುರಗಿ ತೊಗರಿ ಬೇಳೆಗೆ 2019ರಲ್ಲಿ ಭೌಗೋಳಿಕ ಗುರುತು ಸಿಕ್ಕಿತು.

ಈ ಊರುಗಳ ಮನೆಗಳಿಗೆ ಅಂತರ್ಜಾಲ ಇಂದು ಅಗತ್ಯದ ವಸ್ತು. ಪಹಣಿ, ಬೆಳೆವಿಮೆ, ಖರೀದಿ ಕೇಂದ್ರದ ನೋಂದಣಿ, ವಿದ್ಯಾರ್ಥಿವೇತನ, ಪ್ರವೇಶ ಪರೀಕ್ಷೆಯ ಅರ್ಜಿ ಎಲ್ಲವೂ ಆನ್‌ಲೈನ್‌ ಆಗಿವೆ. 2009ರಲ್ಲಿ ಸ್ಥಾಪನೆಯಾದ ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯ ಆಳಂದ ತಾಲ್ಲೂಕಿನ ಕಡಗಂಚಿಯಲ್ಲೇ ಇದೆ. ಅಂಥ ವಿಶ್ವವಿದ್ಯಾಲಯಗಳ ಪ್ರವೇಶಕ್ಕೆ 2022ರಿಂದ ನಡೆಯುತ್ತಿರುವ ಸಿಯುಇಟಿ ಪರೀಕ್ಷೆಗೂ ಅರ್ಜಿ ಹಾಕುವುದು ಆನ್‌ಲೈನಿನಲ್ಲೇ. ಅರ್ಜಿಯ ಕೊನೆಯ ದಿನ ಸಂಪರ್ಕ ಕಡಿದರೆ ಮಗುವಿನ ಒಂದು ವರ್ಷವೇ ಕೈತಪ್ಪಬಹುದು. ದೋಷ ಹುಡುಕುವುದನ್ನು ಪ್ರತಿ ಮನೆಯಲ್ಲಿ ಒಬ್ಬರಾದರೂ ಕಲಿಯಬೇಕು ಎನ್ನುವುದು ಈ ಕಾರಣಕ್ಕೆ.

ತಂತಿ ಬಂದ ಬಗೆ

ಭಾರತದಲ್ಲಿ ಸಾರ್ವಜನಿಕ ಅಂತರ್ಜಾಲ ಸೇವೆ 1995ರ ಆಗಸ್ಟ್ 15ರಂದು ವಿದೇಶ ಸಂಚಾರ ನಿಗಮದಿಂದ ಆರಂಭವಾಯಿತು. ಆಗ ಟೆಲಿಫೋನ್ ಲೈನಿನ ಮೇಲೆ ಡಯಲ್ ಮಾಡಿ ಸೇರಬೇಕಿತ್ತು. ನೆಟ್ ನಡೆಯುವಾಗ ಫೋನ್ ಬಳಸುವಂತಿರಲಿಲ್ಲ. 2000ದ ಅಕ್ಟೋಬರ್ 1ರಂದು ಸರ್ಕಾರಿ ಕಂಪನಿ ಬಿಎಸ್ಎನ್ಎಲ್ ಕೆಲಸ ಆರಂಭಿಸಿತು. 2004ರ ಬ್ರಾಡ್‌ಬ್ಯಾಂಡ್ ನೀತಿ ಸೆಕೆಂಡಿಗೆ 256 ಕಿಲೋಬಿಟ್ ವೇಗವನ್ನು ಬ್ರಾಡ್‌ಬ್ಯಾಂಡಿನ ಕನಿಷ್ಠ ಮಿತಿಯಾಗಿ ಇಟ್ಟಿತು. 2005ರಲ್ಲಿ ಬಂದ ಡೇಟಾಒನ್ ಸೇವೆ ಅದೇ ತಾಮ್ರದ ಲೈನಿನಲ್ಲಿ ಮಾತನ್ನೂ ಅಂತರ್ಜಾಲವನ್ನೂ ಒಟ್ಟಿಗೆ ಸಾಗಿಸಿತು. 2023ರ ಜನವರಿಯಲ್ಲಿ ಆ ಕನಿಷ್ಠ ಮಿತಿ 2 ಮೆಗಾಬಿಟ್‌ಗೆ ಏರಿತು.

ಗ್ರಾಮ ಪಂಚಾಯಿತಿಗಳಿಗೆ ಫೈಬರ್ ಎಳೆಯುವ ರಾಷ್ಟ್ರೀಯ ಯೋಜನೆಗೆ ಕೇಂದ್ರ ಸಂಪುಟ 2011ರ ಅಕ್ಟೋಬರಿನಲ್ಲಿ ಒಪ್ಪಿಗೆ ಕೊಟ್ಟಿತು. ಅದೇ ಮುಂದೆ ಭಾರತ್‌ನೆಟ್ ಎನಿಸಿಕೊಂಡಿತು. 2023ರ ಆಗಸ್ಟಿನಲ್ಲಿ ಸುಮಾರು 1.39 ಲಕ್ಷ ಕೋಟಿ ರೂಪಾಯಿಯ ಪರಿಷ್ಕೃತ ಯೋಜನೆಗೆ ಮಂಜೂರಾತಿ ಸಿಕ್ಕಿತು. ಪಂಚಾಯಿತಿಯಲ್ಲೇ ನಿಂತ ಫೈಬರನ್ನು ಹಳ್ಳಿಯ ಮನೆಗಳವರೆಗೆ ಒಯ್ಯುವುದೂ ಅದರ ಗುರಿಗಳಲ್ಲಿ ಒಂದು. ತಾಲ್ಲೂಕು ಊರುಗಳಲ್ಲಿ ಸರ್ಕಾರಿ ಹಾಗೂ ಖಾಸಗಿ ಕಂಪನಿಗಳ ಫೈಬರ್ ಕೊನೆಯ ಹಂತದಲ್ಲಿ ಮನೆ ಮುಟ್ಟುವುದು ಹೆಚ್ಚಾಗಿ ಸ್ಥಳೀಯ ಗುತ್ತಿಗೆದಾರರ ಅಥವಾ ಕೇಬಲ್ ಟಿ.ವಿ. ನಡೆಸುವವರ ಕೈಯಿಂದ. ಬಿಲ್ಲು ಒಬ್ಬರ ಹೆಸರಿನಲ್ಲಿ, ತಂತಿಯ ಕೆಲಸ ಇನ್ನೊಬ್ಬರ ಕೈಯಲ್ಲಿ ಇರುವುದರಿಂದ ಇಬ್ಬರ ಫೋನ್ ಸಂಖ್ಯೆಯನ್ನೂ ಪೆಟ್ಟಿಗೆಯ ಮೇಲೆಯೇ ಬರೆದು ಅಂಟಿಸಿಕೊಳ್ಳಬೇಕು.

ಸಂಪರ್ಕದ ಕೊಂಡಿಗಳು

ಮನೆಗೆ ಬರುವ ಫೈಬರ್ ಕೂದಲಿನಷ್ಟು ತೆಳುವಾದ ಗಾಜಿನ ಎಳೆ. ಅದರಲ್ಲಿ ಹರಿಯುವುದು ಬೆಳಕು. ಹೆಚ್ಚು ಬಳಕೆಯಲ್ಲಿರುವ ಜಿಪಾನ್ ವ್ಯವಸ್ಥೆಯಲ್ಲಿ ಕಂಪನಿಯ ಕಡೆಯಿಂದ 1490 ನ್ಯಾನೋಮೀಟರ್, ಮನೆಯ ಕಡೆಯಿಂದ 1310 ನ್ಯಾನೋಮೀಟರ್ ತರಂಗಾಂತರದ ಬೆಳಕು ಒಂದೇ ಎಳೆಯಲ್ಲಿ ಎದುರುಬದುರಾಗಿ ಸಾಗುತ್ತವೆ. ವಿನಿಮಯ ಕೇಂದ್ರದ ಒಂದು ಪೋರ್ಟಿನಿಂದ ಹೊರಟ ಎಳೆಯನ್ನು ಸ್ಪ್ಲಿಟರ್ ಎಂಬ ಸಾಧನ 32 ಅಥವಾ 64 ಮನೆಗಳಿಗೆ ಹಂಚುತ್ತದೆ. ಸ್ಪ್ಲಿಟರಿಗೆ ವಿದ್ಯುತ್ತು ಬೇಕಿಲ್ಲ, ಆದರೆ ಹಂಚಿದಷ್ಟೂ ಬೆಳಕು ಕ್ಷೀಣಿಸುತ್ತದೆ.

ಮನೆಯಲ್ಲಿರುವ ಒಎನ್‌ಟಿ ಪೆಟ್ಟಿಗೆ ಬೆಳಕನ್ನು ವಿದ್ಯುತ್ ಸಂಕೇತವಾಗಿ ಬದಲಿಸುತ್ತದೆ. ವೈಫೈ, ರೂಟರಿನ ಕೆಲಸ ಎರಡೂ ಸಾಮಾನ್ಯವಾಗಿ ಇದೇ ಪೆಟ್ಟಿಗೆಯೊಳಗಿರುತ್ತವೆ. ಇದರಿಂದ ಕಂಪ್ಯೂಟರಿಗೆ ಬರುವುದು ಎಂಟು ತಂತಿಗಳ ಲ್ಯಾನ್ ಕೇಬಲ್. 1973ರಲ್ಲಿ ಅಮೆರಿಕದ ಜೆರಾಕ್ಸ್ ಪಾರ್ಕ್ ಪ್ರಯೋಗಾಲಯದಲ್ಲಿ ಹುಟ್ಟಿದ ಈಥರ್‌ನೆಟ್ ತಂತ್ರವೇ ಇದರಲ್ಲಿ ಇಂದಿಗೂ ನಡೆಯುತ್ತಿದೆ. ಕಲ್ಲಿನ ದಪ್ಪ ಗೋಡೆಯ ಮಾಳಿಗೆ ಮನೆಗಳಲ್ಲಿ ವೈಫೈ ಒಂದು ಕೋಣೆಯಿಂದ ಇನ್ನೊಂದಕ್ಕೆ ಹೋಗುವಷ್ಟರಲ್ಲಿ ಸೊರಗುತ್ತದೆ. ಅಂಥ ಮನೆಗೆ ಲ್ಯಾನ್ ಕೇಬಲ್ಲೇ ಒಳ್ಳೆಯದು.

ಮೊದಲ ಪರೀಕ್ಷೆ: ಪೆಟ್ಟಿಗೆಯ ದೀಪಗಳು

ಏನನ್ನೂ ಕೀಳುವ ಮೊದಲು ಪೆಟ್ಟಿಗೆಯ ದೀಪಗಳನ್ನು ನೋಡಬೇಕು. ಮೊಬೈಲಿನಲ್ಲಿ ಫೋಟೊ ತೆಗೆದಿಟ್ಟುಕೊಳ್ಳುವುದು ಇನ್ನೂ ಒಳ್ಳೆಯದು. ಪವರ್ ದೀಪ ಹತ್ತದಿದ್ದರೆ ದೋಷ ವಿದ್ಯುತ್ತಿನದು: ಸ್ವಿಚ್ಚು, ಬೋರ್ಡು ಅಥವಾ ಅಡಾಪ್ಟರು. ದೀಪ ಹತ್ತಿದರೂ ಪೆಟ್ಟಿಗೆ ತಾನಾಗಿ ಆರಿ ಮತ್ತೆ ಮತ್ತೆ ಶುರುವಾಗುತ್ತಿದ್ದರೆ ಅಡಾಪ್ಟರ್ ದುರ್ಬಲವಾಗಿದೆ ಎಂದು ಅನುಮಾನಿಸಬೇಕು. ಹೊಸ ಅಡಾಪ್ಟರ್ ತರುವಾಗ ಪೆಟ್ಟಿಗೆಯ ಅಡಿಯಲ್ಲಿ ಬರೆದ ವೋಲ್ಟೇಜಿಗೆ ಅದು ಸರಿಯಾಗಿ ಹೊಂದಬೇಕು. ಆಂಪಿಯರ್ ಅಷ್ಟೇ ಅಥವಾ ಹೆಚ್ಚಿರಬೇಕು, ಕಡಿಮೆ ಇರಬಾರದು.

ಪಾನ್ ದೀಪ ಸ್ಥಿರವಾಗಿ ಹಸಿರಾಗಿದ್ದರೆ ಬೆಳಕು ಬರುತ್ತಿದೆ, ಕಂಪನಿಯ ಯಂತ್ರ ಪೆಟ್ಟಿಗೆಯನ್ನು ಗುರುತಿಸಿದೆ ಎಂದರ್ಥ. ಅದು ಮಿನುಗುತ್ತಲೇ ಇದ್ದರೆ ಗುರುತಿಸುವಿಕೆ ಪೂರ್ತಿಯಾಗಿಲ್ಲ. ಎಲ್‌ಒಎಸ್ ದೀಪ ಕೆಂಪಾದರೆ ಬೆಳಕು ಪೆಟ್ಟಿಗೆಯನ್ನು ಮುಟ್ಟುತ್ತಿಲ್ಲ. ಆಗ ಕಂಪ್ಯೂಟರಿನಲ್ಲಿ ಏನು ಮಾಡಿದರೂ ಪ್ರಯೋಜನವಿಲ್ಲ. ಪೆಟ್ಟಿಗೆಯ ಹಿಂದಿನ ಹಸಿರು ಅಥವಾ ನೀಲಿ ತುದಿಯ ಕನೆಕ್ಟರ್ ಸಡಿಲವಾಗಿದೆಯೇ, ಫೈಬರ್ ಬಾಗಿಲ ಸಂದಿಯಲ್ಲಿ ಸಿಕ್ಕಿದೆಯೇ, ಮೇಜಿನ ಕಾಲಿನ ಕೆಳಗೆ ಬಂದಿದೆಯೇ ಎಂದಷ್ಟೇ ಮನೆಯವರು ನೋಡಬೇಕು. ಫೈಬರನ್ನು ಬಿಗಿಯಾಗಿ ಮಡಚಿದರೆ ಎಳೆ ಮುರಿಯದಿದ್ದರೂ ತಿರುವಿನಲ್ಲಿ ಬೆಳಕು ಸೋರಿ ಹೋಗುತ್ತದೆ. ಮಡಿಕೆ ಬಿಡಿಸಿದ ಕೂಡಲೇ ಕೆಂಪು ದೀಪ ಆರುವುದುಂಟು. ಬಿಚ್ಚಿದ ಫೈಬರಿನ ತುದಿಯನ್ನು ಕಣ್ಣಿನ ನೇರಕ್ಕೆ ಹಿಡಿಯಲೇಬಾರದು. ಆ ಲೇಸರ್ ಬೆಳಕು ಕಣ್ಣಿಗೆ ಕಾಣುವುದಿಲ್ಲ, ಹಾನಿ ಮಾಡಬಲ್ಲದು. ತುದಿಯನ್ನು ಬೆರಳಿನಿಂದ ಒರೆಸುವುದೂ ತಪ್ಪು. ಒಂದು ಧೂಳಿನ ಕಣ ಬೆಳಕಿಗೆ ಅಡ್ಡವಾಗುತ್ತದೆ.

ಪಾನ್ ಸರಿಯಿದ್ದು ಇಂಟರ್‌ನೆಟ್ ದೀಪ ಮಾತ್ರ ಆರಿದ್ದರೆ ಅಥವಾ ಕೆಂಪಾಗಿದ್ದರೆ ತಂತಿ ಚೆನ್ನಾಗಿದೆ, ಲಾಗಿನ್ ಆಗುತ್ತಿಲ್ಲ. ರೀಚಾರ್ಜ್ ಮುಗಿದಿರಬಹುದು, ಬಳಕೆದಾರನ ಹೆಸರು ಅಥವಾ ಪಾಸ್‌ವರ್ಡ್ ಅಳಿಸಿಹೋಗಿರಬಹುದು. ಪೆಟ್ಟಿಗೆಯ ಹಿಂದಿನ ಸೂಜಿ ತೂತಿನ ರೀಸೆಟ್ ಗುಂಡಿಯನ್ನು ಒತ್ತಿದರೆ ಈ ವಿವರಗಳೆಲ್ಲ ಅಳಿದುಹೋಗಬಹುದು. ಪಿಪಿಪಿಒಇ ಎನ್ನುವ ಈ ಲಾಗಿನ್‌ನ ಹೆಸರು, ಪಾಸ್‌ವರ್ಡ್ ಬರೆದಿಟ್ಟುಕೊಳ್ಳದೆ ಅದನ್ನು ಮುಟ್ಟಬಾರದು. ಸಾಮಾನ್ಯ ತೊಂದರೆಗೆ ಸ್ವಿಚ್ ಆರಿಸಿ, ಅರ್ಧ ನಿಮಿಷ ಬಿಟ್ಟು ಮತ್ತೆ ಹಾಕಿ, ಮೂರು ನಿಮಿಷ ಕಾದರೆ ಸಾಕು.

ಎರಡನೆಯ ಪರೀಕ್ಷೆ: ಲ್ಯಾನ್ ಕೇಬಲ್

ಮೊಬೈಲ್ ಡೇಟಾ ಆರಿಸಿ, ಅದೇ ಪೆಟ್ಟಿಗೆಯ ವೈಫೈನಲ್ಲಿ ನೋಡಿದಾಗ ಫೋನಿಗೆ ನೆಟ್ ಸಿಗುತ್ತಿದ್ದರೆ ಹೊರಗಿನ ಲೈನಿನಲ್ಲಿ ದೋಷವಿಲ್ಲ. ಇನ್ನು ಉಳಿಯುವುದು ಕೇಬಲ್ ಮತ್ತು ಕಂಪ್ಯೂಟರ್. ಕೇಬಲಿನ ಎರಡೂ ತುದಿಗಳನ್ನು ಕಿತ್ತು ‘ಟಿಕ್’ ಎಂದು ಕೇಳುವಂತೆ ಮತ್ತೆ ಕೂರಿಸಬೇಕು. ತುದಿಯ ಪ್ಲಾಸ್ಟಿಕ್ ಕೊಕ್ಕೆ ಮುರಿದಿದ್ದರೆ ಕೇಬಲ್ ಕೂತಂತೆ ಕಂಡರೂ ಸಂಪರ್ಕ ಹತ್ತಿರುವುದಿಲ್ಲ. ಕಂಪ್ಯೂಟರಿನ ಹಿಂದಿನ ಪೋರ್ಟಿನಲ್ಲಿ ದೀಪ ಹತ್ತದಿದ್ದರೆ ಪೆಟ್ಟಿಗೆಯ ಬೇರೆ ಲ್ಯಾನ್ ಪೋರ್ಟಿಗೆ ಹಾಕಿ ನೋಡಬೇಕು, ಆಮೇಲೆ ಬೇರೆ ಕೇಬಲ್ ಹಾಕಿ ನೋಡಬೇಕು. ಒಂದು ಸಲಕ್ಕೆ ಒಂದನ್ನೇ ಬದಲಿಸಬೇಕು; ಎರಡನ್ನು ಒಟ್ಟಿಗೆ ಬದಲಿಸಿದರೆ ಕೆಟ್ಟಿದ್ದು ಯಾವುದೆಂದು ತಿಳಿಯದೇ ಹೋಗುತ್ತದೆ.

ಕೇಬಲಿನ ಎಂಟು ತಂತಿಗಳಲ್ಲಿ 100 ಮೆಗಾಬಿಟ್ ವೇಗಕ್ಕೆ 1, 2, 3 ಮತ್ತು 6ನೇ ತಂತಿಗಳು ಸಾಕು. 1000 ಮೆಗಾಬಿಟ್‌ಗೆ ಎಂಟೂ ಬೇಕು. ದೊಡ್ಡ ವೇಗದ ಪ್ಲಾನ್ ತೆಗೆದುಕೊಂಡರೂ ಕಂಪ್ಯೂಟರಿನಲ್ಲಿ 95ರ ಆಚೆ ಹೋಗದಿದ್ದರೆ ಉಳಿದ ನಾಲ್ಕರಲ್ಲಿ ಒಂದು ತುಂಡಾಗಿದೆ, ಅಥವಾ ಪೋರ್ಟೇ ಹಳೆಯ ಕಾಲದ 100 ಮೆಗಾಬಿಟ್‌ನದು. ತುದಿಗೆ ಹೊಸ ಕನೆಕ್ಟರ್ ಕೂರಿಸುವಾಗ ಸಾಮಾನ್ಯವಾಗಿ ಅನುಸರಿಸುವ ಬಣ್ಣದ ಕ್ರಮ ಇದು: ಬಿಳಿ-ಕಿತ್ತಳೆ, ಕಿತ್ತಳೆ, ಬಿಳಿ-ಹಸಿರು, ನೀಲಿ, ಬಿಳಿ-ನೀಲಿ, ಹಸಿರು, ಬಿಳಿ-ಕಂದು, ಕಂದು. ಒಂದು ಕೇಬಲ್ 100 ಮೀಟರಿಗಿಂತ ಉದ್ದವಿರಬಾರದು. ಅಗ್ಗದ ಕೇಬಲ್‌ಗಳಲ್ಲಿ ಅಲ್ಯೂಮಿನಿಯಂ ತಂತಿಗೆ ತಾಮ್ರದ ಲೇಪವಷ್ಟೇ ಇರುತ್ತದೆ. ನಾಲ್ಕು ಸಲ ಬಾಗಿಸಿದರೆ ಒಳಗೇ ಮುರಿಯುತ್ತದೆ. ಗೋಡೆಯೊಳಗೆ ಹಾಯಿಸುವ ಕೇಬಲಾದರೆ ಶುದ್ಧ ತಾಮ್ರದ ಕ್ಯಾಟ್ 5ಇ ಅಥವಾ ಕ್ಯಾಟ್ 6 ಕೊಳ್ಳುವುದೇ ಲಾಭ.

ಮೂರನೆಯ ಪರೀಕ್ಷೆ: ಕಂಪ್ಯೂಟರಿನ ಒಳಗೆ

ವಿಂಡೋಸ್ ಕಂಪ್ಯೂಟರಿನಲ್ಲಿ ಕಮಾಂಡ್ ಪ್ರಾಂಪ್ಟ್ ತೆರೆದು ಐಪಿಕಾನ್ಫಿಗ್ ಎಂಬ ಆಜ್ಞೆ ಕೊಟ್ಟರೆ ಯಂತ್ರಕ್ಕೆ ಸಿಕ್ಕ ವಿಳಾಸ ಕಾಣುತ್ತದೆ. ಅದು 192.168 ಎಂದು ಶುರುವಾಗಿದ್ದರೆ ಪೆಟ್ಟಿಗೆಯಿಂದ ವಿಳಾಸ ಬಂದಿದೆ. 169.254 ಎಂದು ಶುರುವಾಗಿದ್ದರೆ ಕಂಪ್ಯೂಟರ್ ಕೇಳಿದರೂ ಪೆಟ್ಟಿಗೆ ಉತ್ತರಿಸಿಲ್ಲ. ಯಂತ್ರ ತಾನೇ ಒಂದು ವಿಳಾಸ ಇಟ್ಟುಕೊಂಡಿದೆ. ಆಗ ಕೇಬಲನ್ನು ಮತ್ತೊಮ್ಮೆ ಪರೀಕ್ಷಿಸಬೇಕು, ವಿಳಾಸವನ್ನು ‘ತಾನಾಗಿ ಪಡೆ’ ಎಂಬ ಆಯ್ಕೆಗೆ ಇಡಬೇಕು, ಪೆಟ್ಟಿಗೆಯನ್ನು ಆರಿಸಿ ಹಾಕಬೇಕು. ‘ಮೀಡಿಯಾ ಡಿಸ್‌ಕನೆಕ್ಟೆಡ್’ ಎಂದು ಬಂದರೆ ಕೇಬಲಿನ ಸಂಪರ್ಕವೇ ಇಲ್ಲ.

ವಿಳಾಸ ಸಿಕ್ಕಿದ್ದರೂ ನೆಟ್ ಇಲ್ಲದಿದ್ದರೆ ಪಿಂಗ್ ಆಜ್ಞೆಯಿಂದ ಒಂದೊಂದೇ ಹೆಜ್ಜೆ ಹೊರಗೆ ಹೋಗಬೇಕು. ಮೊದಲು 127.0.0.1ಕ್ಕೆ: ಇದು ಕಂಪ್ಯೂಟರ್ ತನ್ನನ್ನೇ ಕರೆಯುವುದು, ಉತ್ತರ ಬಾರದಿದ್ದರೆ ದೋಷ ವಿಂಡೋಸಿನದು. ಆಮೇಲೆ ಗೇಟ್‌ವೇ ವಿಳಾಸಕ್ಕೆ, ಸಾಮಾನ್ಯವಾಗಿ 192.168.1.1: ಇದು ಪೆಟ್ಟಿಗೆಯನ್ನು ಕರೆಯುವುದು. ಮೂರನೆಯದು 8.8.8.8ಕ್ಕೆ: ಇದು ಹೊರಜಗತ್ತು. ಪೆಟ್ಟಿಗೆ ಉತ್ತರಿಸಿ 8.8.8.8 ಉತ್ತರಿಸದಿದ್ದರೆ ದೋಷ ಪೆಟ್ಟಿಗೆಯ ಲಾಗಿನ್‌ನಲ್ಲೋ ಕಂಪನಿಯ ಜಾಲದಲ್ಲೋ ಇದೆ. 8.8.8.8 ಉತ್ತರಿಸಿ ಜಾಲತಾಣದ ಹೆಸರಿಗೆ ಮಾತ್ರ ಉತ್ತರ ಬಾರದಿದ್ದರೆ ಹೆಸರನ್ನು ಸಂಖ್ಯೆಗೆ ತಿರುಗಿಸುವ ಡಿಎನ್‌ಎಸ್ ಕೆಟ್ಟಿದೆ. ನೆಟ್‌ವರ್ಕ್ ಸೆಟ್ಟಿಂಗಿನಲ್ಲಿ ಡಿಎನ್‌ಎಸ್ ಜಾಗಕ್ಕೆ ಗೂಗಲಿನ 8.8.8.8 ಅಥವಾ ಕ್ಲೌಡ್‌ಫ್ಲೇರಿನ 1.1.1.1 ಹಾಕಿದರೆ ತೊಂದರೆ ತೀರುತ್ತದೆ. ದೋಷದ ಜಾಗವನ್ನು ಇಷ್ಟು ಖಚಿತವಾಗಿ ತೋರಿಸಲು ಈ ಕೆಲವೇ ಪಿಂಗ್‌ಗಳು ಸಾಕು. ಎರಡು ನಿಮಿಷದ ಕೆಲಸ.

ಕೆಲವು ಕಡೆ ಪೆಟ್ಟಿಗೆ ಲಾಗಿನ್ ಮಾಡುವುದಿಲ್ಲ, ಕಂಪ್ಯೂಟರೇ ಡಯಲ್ ಮಾಡಬೇಕು. ಅಲ್ಲಿ 691 ಎಂಬ ದೋಷಸಂಖ್ಯೆ ಬಂದರೆ ಹೆಸರು ಅಥವಾ ಪಾಸ್‌ವರ್ಡ್ ಒಪ್ಪಿಗೆಯಾಗಿಲ್ಲ, ಇಲ್ಲವೇ ಅವಧಿ ಮುಗಿದಿದೆ. 651 ಬಂದರೆ ಕರೆ ಕಂಪನಿಯ ಯಂತ್ರವನ್ನೇ ಮುಟ್ಟಿಲ್ಲ. ಸಣ್ಣ ಕಂಪನಿಗಳು ಸಂಪರ್ಕವನ್ನು ಒಂದು ಕಂಪ್ಯೂಟರಿನ ಗುರುತುಸಂಖ್ಯೆಯಾದ ಮ್ಯಾಕ್ ವಿಳಾಸಕ್ಕೆ ಕಟ್ಟಿರುತ್ತವೆ. ಹೊಸ ಕಂಪ್ಯೂಟರ್ ಅಥವಾ ರೂಟರ್ ತಂದ ದಿನವೇ ನೆಟ್ ನಿಂತರೆ ಕಾರಣ ಇದೇ ಇರಬಹುದು. ಹೊಸ ವಿಳಾಸವನ್ನು ಕಂಪನಿಗೆ ತಿಳಿಸಬೇಕು.

ವಿಂಡೋಸ್ ಮತ್ತೆ ಹಾಕಿಸಿದ ಮೇಲೆ ನೆಟ್ ಬಾರದಿದ್ದರೆ ಲ್ಯಾನ್ ಡ್ರೈವರ್ ಇಲ್ಲದಿರಬಹುದು. ಮೊಬೈಲನ್ನು ಯುಎಸ್‌ಬಿ ತಂತಿಯಿಂದ ಜೋಡಿಸಿ ಟೆಥರಿಂಗ್ ಮಾಡಿ, ಯಂತ್ರ ತಯಾರಕರ ಅಧಿಕೃತ ತಾಣದಿಂದ ಡ್ರೈವರ್ ಇಳಿಸಿಕೊಳ್ಳಬಹುದು. ಜಾಲತಾಣಗಳೆಲ್ಲ ‘ಸುರಕ್ಷಿತವಲ್ಲ’ ಎಂದು ತಡೆದರೆ ಮೊದಲು ಗಡಿಯಾರ ನೋಡಬೇಕು. ಮದರ್‌ಬೋರ್ಡಿನಲ್ಲಿರುವ ಸಿಆರ್ 2032 ಬ್ಯಾಟರಿ ಸತ್ತಿದ್ದರೆ ಕರೆಂಟು ಹೋದಾಗಲೆಲ್ಲ ತಾರೀಖು ಹಿಂದಕ್ಕೆ ಹೋಗುತ್ತದೆ. ತಾರೀಖು ತಪ್ಪಿದ ಯಂತ್ರಕ್ಕೆ ಜಾಲತಾಣಗಳ ಪ್ರಮಾಣಪತ್ರ ಒಪ್ಪಿಗೆಯಾಗುವುದಿಲ್ಲ. ಪ್ರಾಕ್ಸಿ, ವಿಪಿಎನ್, ಅವಧಿ ಮುಗಿದ ಆಂಟಿವೈರಸ್ ಕೂಡ ದಾರಿ ತಡೆಯುತ್ತವೆ. ಎಲ್ಲ ಮುಗಿದ ಮೇಲೆ ಉಳಿಯುವ ದಾರಿ ವಿಂಡೋಸಿನ ನೆಟ್‌ವರ್ಕ್ ರೀಸೆಟ್.

ನಿಧಾನದ ದೂರು

ನೆಟ್ ಇದ್ದೂ ನಿಧಾನವಾಗಿದ್ದರೆ ಲ್ಯಾನ್ ಕೇಬಲಿನಲ್ಲಿ, ಬೇರೆ ಸಾಧನಗಳನ್ನು ಆರಿಸಿ ವೇಗ ಅಳೆಯಬೇಕು. ವೈಫೈನಲ್ಲಿ ಅಳೆದ ಅಂಕಿಯಿಂದ ಲೈನಿನ ಗುಣ ತಿಳಿಯುವುದಿಲ್ಲ. ಪ್ಲಾನಿನ ವೇಗ ಬಿಟ್‌ಗಳಲ್ಲಿ, ಫೈಲ್ ಇಳಿಯುವ ವೇಗ ಬೈಟ್‌ಗಳಲ್ಲಿ ಇರುತ್ತದೆ. ಒಂದು ಬೈಟಿಗೆ ಎಂಟು ಬಿಟ್. ಹೀಗಾಗಿ 100 ಮೆಗಾಬಿಟ್ ಲೈನಿನಲ್ಲಿ ಫೈಲ್ ಸೆಕೆಂಡಿಗೆ ಸುಮಾರು 12 ಮೆಗಾಬೈಟ್ ಇಳಿದರೆ ಅದು ಪೂರ್ತಿ ವೇಗವೇ. ತಿಂಗಳ ಕೊನೆಯಲ್ಲಿ ಮಾತ್ರ ನಿಧಾನವಾದರೆ ಡೇಟಾ ಮಿತಿ ಮುಗಿದು ವೇಗ ಇಳಿದಿರಬಹುದು. ಪ್ರತಿ ಸಂಜೆ ನಿಧಾನವಾದರೆ ಕಂಪನಿಯ ದಾರಿಯಲ್ಲಿ ದಟ್ಟಣೆಯಿದೆ. ಹೊತ್ತುಗೊತ್ತಿಲ್ಲದೆ ತುಂಡು ತುಂಡಾದರೆ ಬೆಳಕು ಕ್ಷೀಣಿಸಿರಬಹುದು. ಪೆಟ್ಟಿಗೆಯ ಸೆಟ್ಟಿಂಗ್ ಪುಟದಲ್ಲಿ ಆಪ್ಟಿಕಲ್ ಪವರ್ ಎಂಬ ಅಂಕಿ ಇರುತ್ತದೆ. ಅದು ಮೈನಸ್ 27 ಡಿಬಿಎಂ ಹತ್ತಿರಕ್ಕೆ ಇಳಿದಿದ್ದರೆ ಸಾಮಾನ್ಯ ಜಿಪಾನ್ ಪೆಟ್ಟಿಗೆಯ ಗ್ರಹಣಶಕ್ತಿಯ ಅಂಚು ಮುಟ್ಟಿದಂತೆ. ಈ ಅಂಕಿಯನ್ನು ದೂರಿನಲ್ಲಿ ಹೇಳಬೇಕು.

ತಾಮ್ರದ ಲೈನು ಇನ್ನೂ ಉಳಿದ ಮನೆಗಳಲ್ಲಿ ಫೋನಿನಲ್ಲಿ ‘ಕರಕರ’ ಸದ್ದಿದೆಯೇ ಎಂದು ಮೊದಲು ಕೇಳಬೇಕು. ಸದ್ದಿದ್ದರೆ ಕೀಲುಗಳಲ್ಲಿ ತುಕ್ಕು ಅಥವಾ ನೀರು ಸೇರಿದೆ. ಫೋನನ್ನೂ ಮೋಡೆಮನ್ನೂ ಬೇರ್ಪಡಿಸುವ ಸ್ಪ್ಲಿಟರ್ ಕೆಟ್ಟರೆ ಕರೆ ಬಂದಾಗಲೆಲ್ಲ ನೆಟ್ ಕಡಿಯುತ್ತದೆ.

ನೆಲ, ಹವೆ, ಕರೆಂಟು

ಎರೆ ಮಣ್ಣು ಮಳೆಗೆ ಹಿಗ್ಗಿ, ಬೇಸಿಗೆಗೆ ಕುಗ್ಗಿ ಬಿರಿಯುತ್ತದೆ. ಈ ಎಳೆದಾಟದಲ್ಲಿ ಆಳವಿಲ್ಲದೆ ಹುಗಿದ ಕೇಬಲ್ ಮತ್ತು ಅದರ ಕೀಲುಗಳು ಸೊರಗುತ್ತವೆ. ರಸ್ತೆ ಅಗಲಿಸುವಾಗ, ನೀರಿನ ಪೈಪು ಹಾಕುವಾಗ ಜೆಸಿಬಿ ಹಲ್ಲಿಗೆ ಸಿಕ್ಕರೆ ಒಂದೇ ಏಟಿಗೆ ಇಡೀ ಓಣಿಯ ನೆಟ್ ನಿಲ್ಲುತ್ತದೆ. ‘ಕೆಂಪು ಲೈಟ್ ಹತ್ಯಾದ’ ಎಂದು ಅಕ್ಕಪಕ್ಕದವರೂ ಹೇಳುತ್ತಿದ್ದರೆ ದೋಷ ಮನೆಯದಲ್ಲ, ಮುಖ್ಯ ಕೇಬಲಿನದು. 2020ರ ಅಕ್ಟೋಬರಿನಲ್ಲಿ ಭೀಮೆ ಉಕ್ಕಿ ಅಫಜಲಪುರ, ಜೇವರ್ಗಿ ತಾಲ್ಲೂಕುಗಳ ನದಿದಂಡೆಯ ಊರುಗಳು ಮುಳುಗಿದವು. ಅಂಥ ನೆರೆಯಲ್ಲಿ ನೀರು ಹೊಕ್ಕ ಮನೆಯ ಪೆಟ್ಟಿಗೆ, ಅಡಾಪ್ಟರುಗಳನ್ನು ಪೂರ್ತಿ ಒಣಗಿಸಿ ಪರೀಕ್ಷಿಸುವ ತನಕ ಕರೆಂಟಿಗೆ ಹಾಕಬಾರದು.

ಏಪ್ರಿಲ್, ಮೇ ತಿಂಗಳ ಗುಡುಗು ಮಳೆ ಇನ್ನೊಂದು ಆಪತ್ತು. ಗಾಜಿನ ಎಳೆ ಸಿಡಿಲಿನ ವಿದ್ಯುತ್ತನ್ನು ಸಾಗಿಸುವುದಿಲ್ಲ. ಆದರೆ ಕರೆಂಟಿನ ತಂತಿ, ಡಿಶ್ ಕೇಬಲ್, ಮಾಳಿಗೆಯ ಮೇಲೆ ಹಾಯಿಸಿದ ತಾಮ್ರದ ಲ್ಯಾನ್ ಕೇಬಲ್ ಸಾಗಿಸುತ್ತವೆ. ಮಳೆಯ ಮರುದಿನ ಪೆಟ್ಟಿಗೆಯ ದೀಪಗಳೆಲ್ಲ ಸರಿಯಿದ್ದು ಕಂಪ್ಯೂಟರಿನ ಲ್ಯಾನ್ ಪೋರ್ಟ್ ಮಾತ್ರ ಸತ್ತಿದ್ದರೆ ಕಾರಣ ಇದು. ಇಡೀ ಮದರ್‌ಬೋರ್ಡ್ ಬದಲಿಸಬೇಕಿಲ್ಲ. ಯುಎಸ್‌ಬಿಗೆ ಸಿಕ್ಕಿಸುವ ಲ್ಯಾನ್ ಅಡಾಪ್ಟರ್ ಸಾಕು. ಗುಡುಗು ಕೇಳುವ ಮೊದಲೇ, ಮೋಡ ಕವಿದಾಗಲೇ ಪ್ಲಗ್ಗನ್ನೂ ಲ್ಯಾನ್ ಕೇಬಲನ್ನೂ ಕಿತ್ತಿಡುವುದು ಉತ್ತಮ ರಕ್ಷಣೆ. ಬೇಸಿಗೆಯಲ್ಲಿ ಎರೆ ಮಣ್ಣು ಬಿರಿದು ಅರ್ತಿಂಗ್ ಕಂಬಿಯನ್ನು ಬಿಟ್ಟುಕೊಡುತ್ತದೆ. ಅರ್ತಿಂಗ್ ಗುಂಡಿಗೆ ಆಗಾಗ ನೀರು ಹಾಕಬೇಕು.

ಇಂಥ ಪೆಟ್ಟಿಗೆಗಳು ಸಾಮಾನ್ಯವಾಗಿ 40 ಡಿಗ್ರಿ ಸೆಲ್ಸಿಯಸ್‌ವರೆಗಿನ ಬಿಸಿಗೆ ತಯಾರಾದವು. ಕಲಬುರಗಿ ಸೀಮೆಯ ಮೇ ತಿಂಗಳು ಆ ಗೆರೆ ದಾಟುತ್ತದೆ. ತಗಡಿನ ಚಾವಣಿಯ ಕೆಳಗೆ, ಟಿ.ವಿ.ಯ ಹಿಂದೆ ಪೆಟ್ಟಿಗೆ ಇಟ್ಟರೆ ಮಧ್ಯಾಹ್ನ ಮಾತ್ರ ನೆಟ್ ಕಡಿಯುವ ವಿಚಿತ್ರ ದೋಷ ಕಾಣಿಸುತ್ತದೆ. ಗಾಳಿಯಾಡುವ ಗೋಡೆಗೆ ಅದನ್ನು ತೂಗುಹಾಕಿ, ತಿಂಗಳಿಗೊಮ್ಮೆ ಧೂಳು ಒರೆಸಬೇಕು. ಜೆಸ್ಕಾಂ ಕರೆಂಟು ಹೋಗಿ ಬರುವಾಗ ಪೆಟ್ಟಿಗೆ ಪ್ರತಿ ಸಲ ಮೊದಲಿನಿಂದ ಶುರುವಾಗಬೇಕು; 12 ವೋಲ್ಟಿನ ಸಣ್ಣ ಯುಪಿಎಸ್ ಇದ್ದರೆ ಈ ಕಾಟ ತಪ್ಪುತ್ತದೆ. ಕರೆಂಟು ಹೋದಾಗ ಮನೆಯ ಪೆಟ್ಟಿಗೆ ಇನ್ವರ್ಟರಿನಲ್ಲಿ ನಡೆಯುತ್ತಿದ್ದೂ ನೆಟ್ ನಿಂತರೆ ವಿನಿಮಯ ಕೇಂದ್ರದ ಬ್ಯಾಟರಿ ಮುಗಿದಿದೆ ಎಂದು ತಿಳಿಯಬೇಕು. ಆ ದೂರನ್ನು ಓಣಿಯವರೆಲ್ಲ ಸೇರಿ ಬರೆದುಕೊಡುವುದು ಹೆಚ್ಚು ಪರಿಣಾಮಕಾರಿ.

ದೂರು ಮತ್ತು ಗ್ರಾಹಕರ ಹಕ್ಕು

ಮನೆಯೊಳಗಿನ ಪರೀಕ್ಷೆ ಮುಗಿದ ಮೇಲಿನ ದೂರು ಚಿಕ್ಕದಾಗಿ, ಸ್ಪಷ್ಟವಾಗಿ ಇರಬೇಕು: ಎಂದಿನಿಂದ ನಿಂತಿದೆ, ಯಾವ ದೀಪ ಯಾವ ಬಣ್ಣದಲ್ಲಿದೆ, ಯಾವ ವಿಳಾಸಕ್ಕೆ ಪಿಂಗ್ ಹೋಗಿದೆ, ಪಕ್ಕದ ಮನೆಯ ಸ್ಥಿತಿ ಏನು. ‘ನಿನ್ನೆ ಸಂಜೆಯಿಂದ ಎಲ್‌ಒಎಸ್ ಕೆಂಪು, ಪಕ್ಕದ ಎರಡು ಮನೆಯಲ್ಲೂ ಹಾಗೇ’ ಎಂದರೆ ಬರುವವರು ಫೈಬರ್ ಜೋಡಿಸುವ ಯಂತ್ರ ಹಿಡಿದೇ ಬರುತ್ತಾರೆ. ಕಲಬುರಗಿಯಿಂದ ಆಳಂದಕ್ಕೋ ಜೇವರ್ಗಿಗೋ ಸುಮಾರು 40 ಕಿಲೋಮೀಟರಿನ ಎರಡನೆಯ ಓಡಾಟ ಉಳಿಯುತ್ತದೆ.

ದೂರಿಗೆ ಡಾಕೆಟ್ ಸಂಖ್ಯೆ ಪಡೆಯುವುದು ಗ್ರಾಹಕರ ಹಕ್ಕು. 2012ರಲ್ಲಿ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್ ಹೊರಡಿಸಿದ ದೂರು ಪರಿಹಾರ ನಿಯಮಗಳ ಪ್ರಕಾರ ಪ್ರತಿ ಕಂಪನಿಯಲ್ಲೂ ದೂರು ಕೇಂದ್ರ, ಅದರ ಮೇಲೆ ಮೇಲ್ಮನವಿ ಪ್ರಾಧಿಕಾರ ಇರಬೇಕು. ಬಾಯಿಮಾತಿನ ದೂರಿಗೆ ಸಾಮಾನ್ಯವಾಗಿ ಸಂಖ್ಯೆ ಸಿಗುವುದಿಲ್ಲ, ಸಂಖ್ಯೆ ಇಲ್ಲದ ದೂರನ್ನು ಮೇಲ್ಮನವಿಗೆ ಒಯ್ಯುವುದು ಕಷ್ಟ. ಟೆಲಿಕಾಂ ಸೇವೆಯ ಕೊರತೆಗೆ ಗ್ರಾಹಕ ಆಯೋಗದ ಮೊರೆ ಹೋಗಬಹುದು ಎಂದು ಸುಪ್ರೀಂ ಕೋರ್ಟ್ 2022ರ ಫೆಬ್ರವರಿಯಲ್ಲಿ ಸ್ಪಷ್ಟಪಡಿಸಿದೆ. ಮೂರೂ ತಾಲ್ಲೂಕಿನವರು ಕಲಬುರಗಿಯ ಜಿಲ್ಲಾ ಗ್ರಾಹಕ ವ್ಯಾಜ್ಯಗಳ ಪರಿಹಾರ ಆಯೋಗಕ್ಕೆ ಹೋಗಬಹುದು. ದೀಪಗಳ ಫೋಟೊ, ಪಿಂಗ್ ಪರದೆಯ ಚಿತ್ರ, ಡಾಕೆಟ್ ಸಂಖ್ಯೆ, ಬಿಲ್ಲು ಇವನ್ನು ತಾರೀಖಿನ ಕ್ರಮದಲ್ಲಿ ಇಟ್ಟುಕೊಂಡವರ ವಾದಕ್ಕೆ ಅಲ್ಲಿ ಬಲವಿರುತ್ತದೆ. ಹೀಗೆ ಮನೆಯಲ್ಲಿ ದೋಷ ಹುಡುಕಲು ಮಾಡಿದ ಪ್ರತಿ ಪರೀಕ್ಷೆಯೂ ಸೇವೆ ಸರಿಪಡಿಸಿಕೊಡಿ ಎಂದು ಕೇಳುವಾಗ ಸಾಕ್ಷಿಯಾಗುತ್ತದೆ.